ಟೈರು ಒಂದೇ ಬರೋದಿಲ್ಲ, ತಮ್ಮಾ

ಹೋದ ಭಾನುವಾರ ಮಧ್ಯಾಹ್ನ ಜೇವರ್ಗಿ ಕಾಲೋನಿಯ ನಮ್ಮ ಮನೆ ಗೇಟು ತಳ್ಳಿಕೊಂಡು ನೀನು ಒಳಗೆ ಬಂದಾಗ ನಿನ್ನ ಹೆಗಲಿಗೆ ಒಂದು ಹಳೇ ಟೈರು ಜೋತುಬಿದ್ದಿತ್ತು. ಸನ್ಮಾನದ ಹಾರ ಹಾಕಿಸಿಕೊಂಡು ಬಂದವನ ಖುಷಿ ಮುಖದಲ್ಲಿತ್ತು. "ಮುತ್ಯಾ, ನನ್ನ ಬ್ಯಾಟರಿ ಸೈಕಲ್ಲಿಗೆ ಇದು ಬರ್ತದೇನು?" ಅಂದಿ. ನಾನು ಕನ್ನಡಕ ಏರಿಸಿ ಟೈರಿನ ಮಗ್ಗುಲಲ್ಲಿ ಉಬ್ಬಿದ ಅಂಕಿ ಓದಿದೆ: 2.75-18. "ಬರ್ತದ. ಆದ್ರ ಅದೊಂದೇ ಬರಂಗಿಲ್ಲ" ಅಂದೆ. ನೀನು ನಕ್ಕು, ಚಹಾ ಕುಡಿದು, ಟೈರನ್ನು ಗೋಡೆಗೆ ಒರಗಿಸಿ ಹೋದೆ. ನನ್ನ ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಬಾಯಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀ ಅಂತ ಬರೆದು ಕೊಡುತ್ತಿದ್ದೇನೆ. ಸೈಕಲ್ ರಿಪೇರಿಯಿಂದ ಶುರು ಮಾಡಿ ಗ್ಯಾರೇಜಿನಲ್ಲಿ ಕೈ ಕರಿದು ಮಾಡಿಕೊಂಡು ಮುಪ್ಪಾದವನ ಮಾತು ಇದು. ಇಂಜಿನಿಯರಿಂಗ್ ಕಾಲೇಜಿನ ಪಾಠ ನಿನಗೇ ಹೆಚ್ಚು ಗೊತ್ತು.

ಮನೆಗೆ ಸೊಸೆ ತಂದ ಮೇಲೆ ಬೀಗರು ಬರಬಾರದು ಅನ್ನಲಿಕ್ಕೆ ಆಗುತ್ತದೇನು? ಮೋಟಾರ್ ಸೈಕಲ್ಲಿನ ಟೈರೂ ಹಾಗೆಯೇ. ಅದರ ಹಿಂದೆ ರಿಂಗು ಬರುತ್ತದೆ, ರಿಂಗಿನ ಹಿಂದೆ ಕಡ್ಡಿ, ಕಡ್ಡಿಯ ಹಿಂದೆ ಬ್ರೇಕು, ಮಡ್‌ಗಾರ್ಡು, ಕಡೆಗೆ ಬ್ಯಾಟರಿ. ಇಷ್ಟೂ ಬಳಗಕ್ಕೆ ನಿನ್ನ ಸೈಕಲ್ಲಿನಲ್ಲಿ ಜಾಗ ಇದೆಯೋ ಇಲ್ಲವೋ ನೋಡಿಕೊಂಡು ಟೈರಿಗೆ ಕೈ ಹಾಕು. ನಾನು ಹೇಳಬೇಕಾದ್ದು ಇದೊಂದೇ. ಉಳಿದದ್ದು ಇದರ ವಿವರ.

ಮೊದಲು ಒಂದು ಪ್ರಶ್ನೆ. ಯಾಕೆ ಬೇಕು? "ಬುಲೆಟ್ ಗಾಡಿ ಕಂಡಂಗ ಕಾಣ್ತದ" ಅಂದರೆ ಈ ಕಾಗದ ಇಲ್ಲಿಗೇ ಮಡಚಿಡು. ಅಂದಕ್ಕೆ ಮೂರು ಕಿಲೋ ರಬ್ಬರು ತಿರುಗಿಸುವುದು ದಂಡ. ಆದರೆ ನಿನಗೆ ಸರಿಯಾದ ಕಾರಣವೇ ಇದೆ, ನೀನೇ ಸರಿಯಾಗಿ ಹೇಳಲಿಲ್ಲ ಅಷ್ಟೆ. ಕಮಲಾಪುರದಲ್ಲಿ ನಿಮ್ಮ ಸೋದರತ್ತೆಯ ಬಾಳೆ ತೋಟದಿಂದ ಡಾಂಬರು ರಸ್ತೆವರೆಗೆ ಗೊನೆ ಸಾಗಿಸಬೇಕು. ದಾರಿ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಸೈಕಲ್ ಟೈರಿನೊಳಗೆ ಬೆಣ್ಣೆಯಲ್ಲಿ ಹೊಕ್ಕಂತೆ ಹೊಗುತ್ತದೆ. ನಿನ್ನ ಸೈಕಲ್ಲಿನ ಹಬ್ ಮೋಟಾರು ಗಾಲಿಯ ನಡುವೆಯೇ ಕೂತದ್ದು, ಆ ಗಾಲಿ ಪಂಚರ್ ಆದರೆ ಸಾದಾ ಸೈಕಲ್ಲಿನಂತೆ ಎರಡು ನಟ್ ಸಡಿಲಿಸಿ ಕೈಗೆ ಎತ್ತಿಕೊಳ್ಳಲಿಕ್ಕೂ ಬರುವುದಿಲ್ಲ. ವೈರು ಎಕ್ಸಲಿನ ಒಳಗಿಂದ ಹಾದು ಹೊರಗೆ ಬಂದಿರುತ್ತದೆ, ಅದನ್ನು ಬಿಡಿಸಬೇಕು, ಎಕ್ಸಲ್ ಹಿಡಿದಿರುವ ಪಟ್ಟಿ ಬಿಚ್ಚಬೇಕು. ಮುಳ್ಳು ಮತ್ತು ಭಾರ, ಈ ಎರಡು ಕಾರಣಕ್ಕೆ ದಪ್ಪ ಟೈರು ಬೇಕು ಅಂದರೆ ನಾನು ಒಪ್ಪುತ್ತೇನೆ. ಕೂತು ಮಾತಾಡೋಣ.

ಈಗ ಅಂಕಿಯ ಗೊಂದಲ ಬಿಡಿಸುತ್ತೇನೆ. ನಿನ್ನ ಸೈಕಲ್ ಗಾಲಿ 26 ಇಂಚಿನದು, ತಂದ ಟೈರು 18ರದು. ಎಂಟು ಇಂಚು ಚಿಕ್ಕದಲ್ಲವೇ ಅಂತ ಯಾರಿಗಾದರೂ ಅನಿಸುತ್ತದೆ. ಸೈಕಲ್ಲಿನವರು ಹೊರಗಿನ ಅಳತೆ ಹೇಳುತ್ತಾರೆ, ಮೋಟಾರ್ ಸೈಕಲ್ಲಿನವರು ಒಳಗಿನ ಅಳತೆ. 26 ಅಂದರೆ ಟೈರು ಹಾಕಿ ಹವಾ ತುಂಬಿದ ಮೇಲೆ ಗಾಲಿಯ ಒಟ್ಟು ಎತ್ತರ, ಸುಮಾರಾಗಿ. ಅದರ ರಿಂಗಿನಲ್ಲಿ ಟೈರು ಕೂರುವ ಜಾಗದ ಅಳತೆ 559 ಮಿಲಿಮೀಟರ್, ಅಂದರೆ 22 ಇಂಚು. ಮೋಟಾರ್ ಸೈಕಲ್ಲಿನ 18 ಅನ್ನುವುದು ಟೈರು ಕೂರುವ ರಿಂಗಿನದೇ ಅಳತೆ, ಸುಮಾರು 457 ಮಿಲಿಮೀಟರ್. ಹತ್ತು ಸೆಂಟಿಮೀಟರ್ ವ್ಯತ್ಯಾಸ. ನಿನ್ನ ಈಗಿನ ರಿಂಗಿನ ಮೇಲೆ ಆ ಟೈರು ದೇವರೇ ಇಳಿದು ಬಂದರೂ ಕೂರುವುದಿಲ್ಲ. ರಿಂಗು ಬದಲಿಸಲೇಬೇಕು. ಇವನು ಬೀಗರಲ್ಲಿ ಮೊದಲನೆಯವನು.

ಒಂದು ಮೋಜು ಹೇಳುತ್ತೇನೆ. ಹುಡುಗರ 20 ಇಂಚಿನ ಸೈಕಲ್ಲಿನ ರಿಂಗು 406 ಮಿಲಿಮೀಟರ್, ಮೊಪೆಡ್ಡಿನ 16 ಇಂಚಿನ ರಿಂಗು 405ರ ಆಸುಪಾಸು. ಅಂಕಿ ನೋಡಿದರೆ ಇಬ್ಬರೂ ಅಪರಿಚಿತರು, ಅಳತೆ ನೋಡಿದರೆ ಅಣ್ಣತಮ್ಮಂದಿರು. ಅದಕ್ಕೇ ಮನೆಯಲ್ಲಿ ಗಾಡಿ ಕಟ್ಟುವವರು 20ರ ರಿಂಗಿಗೆ ಮೊಪೆಡ್ ಟೈರು ಏರಿಸಿ ನೋಡುತ್ತಾರೆ. ಏರುತ್ತದೆ ಕೂಡ. ಆದರೆ ಏರುವುದು ಬೇರೆ, ಕೂರುವುದು ಬೇರೆ. ಮೊಪೆಡ್ ಟೈರಿನ ಅಂಚಿನೊಳಗೆ ದಪ್ಪ ತಂತಿ ಇದೆ. ಆ ಅಂಚಿಗೆ ಕೂರಲು ಅಗಲವಾದ ಜಾಗ ಬೇಕು, ಟೈರು ಹಾಕುವಾಗ ಅಂಚು ಇಳಿಯಲಿಕ್ಕೆ ರಿಂಗಿನ ನಡುವೆ ಆಳವಾದ ಹಳ್ಳ ಬೇಕು. ಸೈಕಲ್ ರಿಂಗಿನಲ್ಲಿ ಎರಡೂ ಕಡಿಮೆ.

ಅಗಲದ ಮಾತನ್ನು ಹಗುರವಾಗಿ ತಗೋಬೇಡ. 2.75ರ ಟೈರು ಅಂದರೆ ಸುಮಾರು 70 ಮಿಲಿಮೀಟರ್ ಅಗಲ. ಅದಕ್ಕೆ ತಕ್ಕ ರಿಂಗಿನ ಮೇಲೆ 1.60×18 ಅಂತ ಒತ್ತಿರುತ್ತಾರೆ, ಅಂದರೆ ಒಳ ಅಗಲ 40 ಮಿಲಿಮೀಟರ್ ಚಿಲ್ಲರೆ. ಸಾದಾ ಸೈಕಲ್ ರಿಂಗಿನಲ್ಲಿ ಇದು 20ರಿಂದ 25. ಅಂಥದ್ದರ ಮೇಲೆ ಇಂಥಾ ಟೈರು ಕೂರಿಸಿದರೆ ಸಣ್ಣ ಸಿಂಬಿಯ ಮೇಲೆ ದೊಡ್ಡ ಕೊಡ ಇಟ್ಟ ಹಾಗೆ. ನೆಟ್ಟಗೆ ನಡೆಯುವಾಗ ಗೊತ್ತಾಗುವುದಿಲ್ಲ, ತಿರುವಿನಲ್ಲಿ ಕೊಡ ಒಂದು ಕಡೆ, ತಲೆ ಒಂದು ಕಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ರಿಂಗಿಗೂ ಸಲ್ಲುವ ಮಾತು.

ಟೈರಿನ ಮಗ್ಗುಲು ಓದಲು ಕಲಿ. ಅದು ಆ ಟೈರಿನ ಜಾತಕ. 42P ಅಂತ ಇದ್ದರೆ 42 ಭಾರದ ಅಂಕಿ, ಒಂದು ಟೈರು 150 ಕಿಲೋ ಹೊರುತ್ತದೆ ಅಂತ. 48 ಅಂದರೆ 180 ಕಿಲೋ. P ಅಂದರೆ ಗಂಟೆಗೆ 150 ಕಿಲೋಮೀಟರ್ ತನಕದ ವೇಗ, L ಅಂದರೆ 120. ನಿನ್ನ ಗಾಡಿಗೆ ವೇಗದ ಅಕ್ಷರದ ಗೊಡವೆ ಬೇಡ, ಭಾರದ ಅಂಕಿ ಸಾಕು. ಬಾಣದ ಗುರುತಿದ್ದರೆ ಗಾಲಿ ಆ ಕಡೆಗೇ ತಿರುಗಬೇಕು. ಇನ್ನು ನಾಲ್ಕು ಅಂಕಿಯ ಒಂದು ಸಣ್ಣ ಮುದ್ರೆ ಹುಡುಕು. ಮೊದಲೆರಡು ವಾರ, ಕೊನೆಯೆರಡು ವರ್ಷ. ನೀನು ತಂದ ಟೈರಿನ ಮೇಲೆ 1417 ಇದೆ, ಅಂದರೆ 2017ರ ಹದಿನಾಲ್ಕನೇ ವಾರ. ನೀನು ಹೋದ ಮೇಲೆ ನಾನು ಅದರ ಅಂಚು ಮಡಚಿ ಹಿಡಿದು ನೋಡಿದೆ. ಒಣಗಿದ ಕೆರೆಯ ಅಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ನಮ್ಮೂರ ಬಿಸಿಲು ರಬ್ಬರಿನ ಎಣ್ಣೆ ಹೀರುತ್ತದೆ. ತುಳಿಯುವ ಮೈ ಸವೆದಿಲ್ಲ ಅಂತ ಮಾರುವವನು ತೋರಿಸುತ್ತಾನೆ, ಮಗ್ಗುಲು ತೋರಿಸುವುದಿಲ್ಲ.

ನನ್ನ ಮಾತು ಕೇಳಿದರೆ 18 ಬಿಟ್ಟು 2.50-16 ತಗೋ. ಟಿವಿಎಸ್ ಎಕ್ಸ್‌ಎಲ್ ಗಾಡಿಯ ಟೈರು. ನಮ್ಮ ಕಡೆ ಹಾಲಿನವರು, ತರಕಾರಿಯವರು, ಕುರಿಯವರು ಎಲ್ಲರೂ ಅದರ ಮೇಲೆ ಕ್ವಿಂಟಲ್‌ಗಟ್ಟಲೆ ಹೇರುತ್ತಾರೆ. ಟೈರು, ಟ್ಯೂಬು, ರಿಂಗು ಯಾವ ಹೋಬಳಿಯಲ್ಲಿ ಕೇಳಿದರೂ ಸಿಗುತ್ತದೆ. ದೂರದೂರಿಂದ ತರಿಸಿದ ಸಾಮಾನು ಕೆಟ್ಟ ದಿನ ದೂರವೇ ಉಳಿಯುತ್ತದೆ ಅನ್ನುವುದನ್ನು ನಾನು ಗ್ಯಾರೇಜಿನಲ್ಲಿ ಕಲಿತೆ.

ಗಾಲಿ ಚಿಕ್ಕದಾದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದ್ದೀಯಾ? ಲೆಕ್ಕಕ್ಕೆ ಮೊದಲು ಅಳತೆ ಬೇಕು. ನಾನು ಸಣ್ಣವನಿದ್ದಾಗ ನಮ್ಮದು ಹಳಿಬಂಡಿ. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಹಾಕುವ ದಿನ ಕಮ್ಮಾರನ ಕುಲುಮೆಯ ಮುಂದೆ ನಾವು ಹುಡುಗರೆಲ್ಲ ಸೇರುತ್ತಿದ್ದೆವು. ಅವನು ಮೊದಲು ಗಾಲಿಗೆ ದಾರ ಸುತ್ತಿ ಅಳೆಯುತ್ತಿದ್ದ, ಆಮೇಲೆ ಹಳಿ ಅಳೆಯುತ್ತಿದ್ದ. ಹಳಿ ಗಾಲಿಗಿಂತ ಒಂದು ನೂಲು ಕಡಿಮೆ ಇರಬೇಕು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಹಳಿ ಹಿಗ್ಗುತ್ತದೆ, ಗಾಲಿಯ ಮೇಲೆ ಬಡಿದು ನೀರು ಹೊಯ್ದರೆ ಚುಂಯ್ ಅಂತ ಕುಗ್ಗಿ ಕಟ್ಟಿಗೆಯನ್ನು ಬಿಗಿದಪ್ಪುತ್ತದೆ. ಅಳತೆ ತಪ್ಪಿದರೆ ಮರ ಸೀಳುತ್ತಿತ್ತು, ಇಲ್ಲವೇ ಹಳಿ ದಾರಿಯಲ್ಲಿ ಕಳಚುತ್ತಿತ್ತು. ಬೆಂಕಿ ಹೊತ್ತಿಸುವ ಮೊದಲು ಅವನು ಮೂರು ಸಲ ದಾರ ಸುತ್ತುತ್ತಿದ್ದುದನ್ನು ನಾನು ನೋಡಿದ್ದೇನೆ. ಓದು ಬರಹ ಬರದವನು.

ನೀನೂ ದಾರ ಸುತ್ತು. ಪಡಸಾಲೆಯ ಶಹಾಬಾದ್ ಪರಸಿಯ ಮೇಲೆ ಗಾಲಿ ನಿಲ್ಲಿಸಿ ಟೈರಿಗೂ ನೆಲಕ್ಕೂ ಸುಣ್ಣದ ಕಡ್ಡಿಯಿಂದ ಗೀರು ಹಾಕು. ಒಂದು ಸುತ್ತು ನೆಟ್ಟಗೆ ಉರುಳಿಸಿ ಗೀರು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೀರು. ನಡುವಿನ ದೂರ ಟೇಪಿನಲ್ಲಿ ಅಳೆ. 26ರ ಸೈಕಲ್ ಗಾಲಿ ಸುಮಾರು 2.07 ಮೀಟರ್ ಬರುತ್ತದೆ. 2.75-18 ಹಾಕಿದರೆ 1.87ರ ಆಸುಪಾಸು. 2.50-16 ಹಾಕಿದರೆ 1.67. ಮೋಟಾರು ನಿಮಿಷಕ್ಕೆ 200 ಸುತ್ತು ತಿರುಗಿದರೆ ಮೊದಲನೆಯದು ಗಂಟೆಗೆ 25 ಕಿಲೋಮೀಟರ್ ಹತ್ತಿರ ಓಡುತ್ತದೆ, ಎರಡನೆಯದು 22.5, ಮೂರನೆಯದು 20. ವೇಗ ಇಳಿಯಿತು ಅಂತ ಮುಖ ಸಣ್ಣ ಮಾಡಬೇಡ. ಅದೇ ಮೋಟಾರು, ಅದೇ ತಿರುಚುವ ಬಲ, ಗಾಲಿ ಚಿಕ್ಕದಾದಷ್ಟೂ ನೆಲವನ್ನು ಹಿಂದಕ್ಕೆ ತಳ್ಳುವ ಶಕ್ತಿ ಹೆಚ್ಚು. ಗೊನೆ ಹೇರಿಕೊಂಡು ಬದು ಏರುವವನಿಗೆ ಬೇಕಾದ್ದು ಅದೇ. ಕಂಟ್ರೋಲರಿನಲ್ಲಿ ಗಾಲಿಯ ಅಳತೆ ಬದಲಿಸಲು ಮಾತ್ರ ಮರೆಯಬೇಡ, ಇಲ್ಲದಿದ್ದರೆ ಮೀಟರು ಸುಳ್ಳು ಹೇಳುತ್ತದೆ. ಇನ್ನೊಂದು, ಗಾಡಿ ನೆಲಕ್ಕೆ ಹತ್ತಿರವಾಗುತ್ತದೆ. 18ಕ್ಕೆ ಒಂದೂ ಕಾಲು ಇಂಚು, 16ಕ್ಕೆ ಎರಡೂವರೆ ಇಂಚು. ತಿರುವಿನಲ್ಲಿ ಪೆಡಲು ನೆಲಕ್ಕೆ ತಗಲುತ್ತದೆಯೇ ಅಂತ ಗಾಡಿ ವಾಲಿಸಿ ನೋಡು.

ಈಗ ಕಡ್ಡಿ. ಸೈಕಲ್ ಕಡ್ಡಿ ಎರಡು ಮಿಲಿಮೀಟರ್ ದಪ್ಪ. ಮೋಟಾರ್ ಸೈಕಲ್ ಕಡ್ಡಿ ಮೂರರ ಮೇಲೆ. ಮೋಟಾರ್ ಸೈಕಲ್ ರಿಂಗಿನ ತೂತು ಆ ದಪ್ಪ ಕಡ್ಡಿಯ ನಿಪ್ಪಲ್ಲಿಗೆ ಅಂತ ಕೊರೆದದ್ದು. ಅಲ್ಲಿ ಸೈಕಲ್ ನಿಪ್ಪಲ್ ಹಾಕಿದರೆ ದೊಡ್ಡ ಗುಂಡಿಮನೆಯಲ್ಲಿ ಸಣ್ಣ ಗುಂಡಿ ಹಾಕಿದ ಹಾಗೆ, ಎಳೆದರೆ ಹೊರಗೇ ಬರುತ್ತದೆ. ನಿಪ್ಪಲ್ಲು ತೂತಿಗೆ ಹೊಂದಬೇಕು, ಕಡ್ಡಿ ಮೋಟಾರಿನ ತೂತಿಗೂ ಹೊಂದಬೇಕು. ಹೊಂದುವ ಕಡ್ಡಿಯನ್ನು ಅಳತೆಗೆ ಕತ್ತರಿಸಿ ಚೂಡಿ ಕೊರೆಸಿಕೊಳ್ಳಬೇಕಾಗುತ್ತದೆ. ಕೊಳ್ಳುವ ಮೊದಲು ತೂತು ಎಣಿಸು. ಮೋಟಾರಿನಲ್ಲೂ ರಿಂಗಿನಲ್ಲೂ 36 ಇದ್ದರೆ ಅರ್ಧ ಕೆಲಸ ಹಗುರ.

ಹೆಣೆಯುವಾಗ ಪುಸ್ತಕದಲ್ಲಿದ್ದಂತೆ ಪ್ರತಿ ಕಡ್ಡಿಯೂ ಮೂರು ಕಡ್ಡಿ ದಾಟಿ ಹೋಗಬೇಕು ಅಂತ ಹಠ ಹಿಡಿಯಬೇಡ. ಅದು ಸಣ್ಣ ಹಬ್ಬಿಗೆ, ಉದ್ದ ಕಡ್ಡಿಗೆ. ನಿನ್ನ ಹಬ್ ಮೋಟಾರು ಒಗ್ಗರಣೆ ಬಾಣಲೆಯಷ್ಟು ಅಗಲ, ಅದರ ಸುತ್ತ ರಿಂಗು ಚಿಕ್ಕದು, ಕಡ್ಡಿ ಗೇಣುದ್ದ. ಮೂರು ದಾಟಿಸಿದರೆ ಕಡ್ಡಿ ನಿಪ್ಪಲ್ಲಿನ ಬಾಯಲ್ಲಿ ಬಾಗುತ್ತದೆ, ಬಾಗಿದಲ್ಲೇ ಒಂದು ದಿನ ಟಕ್ ಅಂತ ಮುರಿಯುತ್ತದೆ. ಒಂದೇ ದಾಟು ಸಾಕು, ಅದಕ್ಕೂ ಜಾಗ ಇಲ್ಲದಿದ್ದರೆ ನೇರವೇ ಹೆಣೆ. ರಿಂಗಿನ ತೂತು ಯಾವ ದಿಕ್ಕಿಗೆ ನೋಡುತ್ತಿದೆಯೋ ಕಡ್ಡಿ ಆ ದಿಕ್ಕಿನಿಂದಲೇ ಬರಬೇಕು. ಎಲ್ಲ ಬಿಗಿದ ಮೇಲೆ ಬೆರಳ ಉಗುರಿನಿಂದ ಒಂದೊಂದೇ ಕಡ್ಡಿ ಮೀಟು. ಒಂದೇ ಮಗ್ಗುಲಿನ ಕಡ್ಡಿಗಳ ದನಿ ಒಂದೇ ಸಮ ಬರಬೇಕು. ಮಂಕಾಗಿ ಕೇಳಿದ್ದು ಸಡಿಲ, ಕಿರುಚಿದ್ದು ಅತಿ ಬಿಗಿ. ಗಾಲಿಯ ಔಟ್ ತೆಗೆಯುವುದಕ್ಕೆ ಕಣ್ಣಿಗಿಂತ ಕಿವಿ ಮೊದಲು.

ಜಾಗದ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಗ್ಯಾರೇಜು ಹೊಸದು, ನನಗೂ ಹೊಸ ಹುರುಪು. ಹಾಲು ಹಾಕುವವನೊಬ್ಬ ಬಂದು ಹಿಂದಿನ ಗಾಲಿಗೆ ಒಂದು ಅಳತೆ ದಪ್ಪ ಟೈರು ಹಾಕು, ಕ್ಯಾನು ಭಾರ ಆಗುತ್ತವೆ ಅಂದ. ಹಾಕಿದೆ. ಸ್ಟ್ಯಾಂಡಿನ ಮೇಲೆ ತಿರುಗಿಸಿ ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು. ತಗಲುವುದಿಲ್ಲವಲ್ಲ, ಸಾಕು ಅಂದೆ. ಬೇಸಿಗೆ ಪೂರ್ತಿ ಓಡಿಸಿದ. ಮೊದಲ ಮಳೆಯ ಮರುದಿನ ಹೊಲದ ದಾರಿಯಲ್ಲಿ ಎರೆ ಮಣ್ಣು ಟೈರಿಗೆ ಮೆತ್ತಿ, ಮೆತ್ತಿದ್ದು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಗಾಲಿ ಇದ್ದಕ್ಕಿದ್ದಂತೆ ಹಿಡಿದು ನಿಂತಿತು. ಮನುಷ್ಯ ಒಂದು ಕಡೆ, ಕ್ಯಾನು ಇನ್ನೊಂದು ಕಡೆ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ನನ್ನ ಪುಣ್ಯ. ಆದರೆ ಅವನು ನನ್ನ ಅಂಗಡಿ ಮುಂದೆ ಬಂದು ಬೈಯಲಿಲ್ಲ. ಖಾಲಿ ಕ್ಯಾನು ಇಳಿಸಿ ಸುಮ್ಮನೆ ನಿಂತ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಸ್ಟ್ಯಾಂಡಿನ ಮೇಲೆ ಗಾಲಿ ತಿರುಗಿದರೆ ಕೆಲಸ ಮುಗಿಯಲಿಲ್ಲ, ತಮ್ಮಾ. ನಮ್ಮದು ಎರೆ ನಾಡು. ಮಳೆಗಾಲದಲ್ಲಿ ಟೈರಿನ ಮೇಲೆ ಇನ್ನೊಂದು ಟೈರಿನಷ್ಟು ಮಣ್ಣು ಕೂರುತ್ತದೆ, ಅದಕ್ಕೂ ಜಾಗ ಬಿಡಬೇಕು. ಮೇಲೆ ಎರಡು ಬೆರಳು, ಮಗ್ಗುಲಿಗೆ ಒಂದೊಂದು ಬೆರಳು ಆಡದಿದ್ದರೆ ಆ ಟೈರು ನಿನ್ನದಲ್ಲ. ಸಾದಾ ಸೈಕಲ್ಲಿನ ಫೋರ್ಕಿನಲ್ಲಿ 70 ಮಿಲಿಮೀಟರ್ ಟೈರು ತೂರುವುದೇ ಕಷ್ಟ.

ಬ್ರೇಕು ನೆನಪಿದೆಯೇ? ನಿನ್ನದು ರಿಂಗನ್ನು ಎರಡೂ ಕಡೆಯಿಂದ ಹಿಡಿಯುವ ರಬ್ಬರಿನ ಬ್ರೇಕು. ರಿಂಗು ಚಿಕ್ಕದಾಯಿತು ಅಂದರೆ ಅದರ ಅಂಚು ಎರಡು ಇಂಚಿಗೂ ಮಿಕ್ಕಿ ಕೆಳಗೆ ಇಳಿಯಿತು. ರಬ್ಬರು ಗಾಳಿಯನ್ನು ಹಿಡಿಯುತ್ತದೆ, ಇಲ್ಲವೇ ಟೈರನ್ನು ಉಜ್ಜುತ್ತದೆ. ಡಿಸ್ಕ್ ಅಥವಾ ಡ್ರಮ್ ಇಲ್ಲದ ಗಾಡಿಗೆ ಈ ಟೈರು ಹಾಕಲೇಬೇಡ. ಗಾಲಿಯೇ ಭಾರವಾಗಿದೆ, ಮೇಲೆ ಗೊನೆ, ಬ್ಯಾಟರಿ, ನೀನು. ಓಡಿಸುವ ಮೋಟಾರಿಗೆ ಹಾಕಿದ ದುಡ್ಡಿನಷ್ಟೇ ನಿಲ್ಲಿಸುವ ಬ್ರೇಕಿಗೂ ಹಾಕು.

ಇನ್ನೊಂದು ಕಣ್ಣಿಗೆ ಕಾಣದ ಅಪಾಯ. ಮೋಟಾರು ಗಾಲಿಯನ್ನು ಮುಂದಕ್ಕೆ ಎಷ್ಟು ಬಲವಾಗಿ ತಿರುಗಿಸುತ್ತದೋ ತನ್ನ ಎಕ್ಸಲನ್ನು ಅಷ್ಟೇ ಬಲವಾಗಿ ಹಿಂದಕ್ಕೆ ತಿರುಗಿಸುತ್ತದೆ. ಭಾರ ಹೊತ್ತು ಏರು ಹತ್ತುವಾಗ ಆ ಬಲವೆಲ್ಲ ಫೋರ್ಕಿನ ತುದಿಯ ಎರಡು ಸಣ್ಣ ಸೀಳಿನ ಮೇಲೆ. ಸೀಳು ಹಿಗ್ಗಿದರೆ ಎಕ್ಸಲ್ ಗಿರ್ರನೆ ತಿರುಗಿ ವೈರನ್ನು ಹಗ್ಗ ಹೊಸೆದಂತೆ ಹೊಸೆದು ಹರಿಯುತ್ತದೆ, ಗಾಲಿ ಕಳಚಿ ಹೊರಗೆ ಬರುತ್ತದೆ. ಅದಕ್ಕೇ ಟಾರ್ಕ್ ಆರ್ಮ್ ಅನ್ನುವ ಉಕ್ಕಿನ ಪಟ್ಟಿ ಇರುವುದು. ಅದು ಎಕ್ಸಲಿನ ಚಪ್ಪಟೆ ಮೈಯನ್ನು ಹಿಡಿದು ಫ್ರೇಮಿಗೆ ಕಟ್ಟಿಹಾಕುತ್ತದೆ. ಎರಡೂ ಕಡೆ ಹಾಕು. ಅಲ್ಯೂಮಿನಿಯಂ ಫ್ರೇಮಾದರೆ ಹಾಕದೆ ಓಡಿಸಲೇಬೇಡ.

ಇಷ್ಟಾದ ಮೇಲೆ ಟೈರು ಏರಿಸುವ ಕೆಲಸ. ಇದರಲ್ಲಿ ತೋಳ್ಬಲ ಬೇಡ, ಉಪಾಯ ಬೇಕು. ಟೈರನ್ನು ಅರ್ಧ ತಾಸು ಬಿಸಿಲಿಗಿಡು, ನಮ್ಮಲ್ಲಿ ಬಿಸಿಲಿಗೇನು ಬರವೇ? ಮೆತ್ತಗಾಗುತ್ತದೆ. ರಿಂಗಿನೊಳಗೆ ನಿಪ್ಪಲ್ ಮೊನೆ ಟ್ಯೂಬಿಗೆ ಚುಚ್ಚದಂತೆ ರಬ್ಬರಿನ ಪಟ್ಟಿ ಎಳೆ. ಮೋಟಾರಿನ ವೈರು ಇರುವ ಮಗ್ಗುಲನ್ನು ಮೇಲೆ ಮಾಡಿ ಹಳೇ ಟೈರಿನ ಮೇಲೆ ಗಾಲಿ ಮಲಗಿಸು, ನೆಲಕ್ಕೆ ಒತ್ತಿದರೆ ವೈರಿನ ಕುತ್ತಿಗೆ ಮುರಿಯುತ್ತದೆ. ನೀನು ತಂದ 1417 ಈ ಕೆಲಸಕ್ಕೆ ಬಂತು, ನೋಡು. ಟೈರಿನ ಅಂಚಿಗೆ ಸಾಬೂನು ನೀರು ಸವರು. ಒಂದು ಅಂಚು ಕೈಯಿಂದಲೇ ಇಳಿಯುತ್ತದೆ. ಟ್ಯೂಬಿಗೆ ಮೈಪೌಡರು ಒರೆಸಿ, ಆಕಾರ ಬರುವಷ್ಟು ಮಾತ್ರ ಹವಾ ಹಾಕಿ ಒಳಗೆ ಸೇರಿಸು.

ಎರಡನೇ ಅಂಚು ಶುರು ಮಾಡಬೇಕಾದ್ದು ವಾಲ್ವಿನ ಎದುರು ಬದಿಯಿಂದ. ಮುಗಿಸಬೇಕಾದ್ದು ವಾಲ್ವಿನ ಹತ್ತಿರ. ಇಳಿದ ಅಂಚನ್ನು ಮೊಣಕಾಲಿನಿಂದ ರಿಂಗಿನ ನಡುವಿನ ಹಳ್ಳಕ್ಕೆ ಒತ್ತಿ ಹಿಡಿ. ಈ ಕಡೆ ಹಳ್ಳಕ್ಕೆ ಇಳಿದಷ್ಟು ಆ ಕಡೆ ಸಡಿಲ ಸಿಗುತ್ತದೆ. ಅದು ಗೊತ್ತಿಲ್ಲದವರು ಟೈರು ಎಬ್ಬಿಸುವ ಟಾಮಿಯ ಮೇಲೆ ಹತ್ತಿ ನಿಂತು ಟ್ಯೂಬು ಹರಿಯುತ್ತಾರೆ, ಅಂಚಿನ ತಂತಿ ಮುರಿಯುತ್ತಾರೆ. ಟಾಮಿಗೆ ಎರಡು ಕೈಯ ಬಲ ಬೇಕಾಯಿತು ಅಂದರೆ ಕೆಲಸ ನಿಲ್ಲಿಸು, ಹಿಂದಿನ ಬದಿ ಹಳ್ಳದಿಂದ ಮೇಲೆ ಬಂದಿರುತ್ತದೆ. ಸಣ್ಣ ಸಣ್ಣ ತುತ್ತು ತಗೋ, ಒಮ್ಮೆಗೆ ಮೂರು ಬೆರಳಗಲ. ಮುಗಿದ ಮೇಲೆ ವಾಲ್ವನ್ನು ಒಳಕ್ಕೆ ಒತ್ತಿ ಬಿಡು, ಟ್ಯೂಬು ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಹವಾ ತುಂಬುವಾಗ ಟೈರಿನ ಮಗ್ಗುಲಲ್ಲಿ ರಿಂಗಿಗೆ ಸಮನಾಗಿ ಓಡುವ ಒಂದು ಸಣ್ಣ ಗೆರೆ ಕಾಣುತ್ತದೆ. ಸುತ್ತಲೂ ಆ ಗೆರೆ ರಿಂಗಿನಿಂದ ಒಂದೇ ದೂರದಲ್ಲಿದ್ದರೆ ಟೈರು ಕೂತಿತು. ಒಂದು ಕಡೆ ಮುಳುಗಿದ್ದರೆ ಹವಾ ಬಿಟ್ಟು, ಸಾಬೂನು ಹಚ್ಚಿ, ಮತ್ತೆ ತುಂಬು. ಕೂರಲಿಲ್ಲ ಅಂತ ಸಿಟ್ಟಿಗೆದ್ದು ಹವಾ ಏರಿಸುತ್ತಾ ಹೋಗಬೇಡ. 40 ಪೌಂಡು ದಾಟಬೇಡ.

ಓಡಿಸಲು ಹಿಂದೆ 28, ಮುಂದೆ 25 ಪೌಂಡು ಸಾಕು. ಅದನ್ನು ಬೆಳಗ್ಗೆ, ಗಾಲಿ ತಣ್ಣಗಿದ್ದಾಗ ನೋಡು. ಬೆಳಗ್ಗೆ 28 ಇದ್ದದ್ದು ನಮ್ಮ ಮೇ ತಿಂಗಳ ಮಧ್ಯಾಹ್ನಕ್ಕೆ 30-31 ಆಗಿರುತ್ತದೆ. ಆಗ ನೋಡಿ ಹವಾ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ. ಮುಳ್ಳು ಚುಚ್ಚಿದರೆ ಗಾಲಿ ಬಿಚ್ಚಬೇಡ. ಒಂದು ಮಗ್ಗುಲಿನ ಅಂಚು ಎಬ್ಬಿಸಿ ಟ್ಯೂಬನ್ನು ಅಷ್ಟೇ ಹೊರಗೆಳೆದು ಅಲ್ಲೇ ಪಂಚರ್ ಹಚ್ಚು.

ಬ್ಯಾಟರಿಯ ಲೆಕ್ಕ ನೀನೇ ಹಾಕಬಲ್ಲೆ. 48 ವೋಲ್ಟು, 10 ಆಂಪಿಯರ್-ಅವರ್ ಅಂದರೆ 480 ವ್ಯಾಟ್-ಅವರ್. ಕಿಲೋಮೀಟರಿಗೆ 12 ತಿಂದರೆ 40 ಕಿಲೋಮೀಟರ್. ಭಾರದ ಟೈರು ಹಾಕಿದ ಮೇಲೆ 16 ತಿಂದರೆ 30ಕ್ಕೇ ಮುಗಿಯಿತು. ಕಮಲಾಪುರ ಇಲ್ಲಿಂದ ಮೂವತ್ತೈದರ ಆಸುಪಾಸು. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಎಲ್ಲೋ ಒಂದು ಕಡೆ ಇಳಿದು ತಳ್ಳುತ್ತೀ. ಅದಕ್ಕೇ ಅಲ್ಲಿವರೆಗೆ ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಹೋಗು ಅನ್ನುವುದು.

ಹಾಗನ್ನಲು ಇನ್ನೊಂದು ಕಾರಣವೂ ಇದೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಬ್ಯಾಟರಿ ಗಾಡಿಯನ್ನು ಮೋಟಾರು ವಾಹನ ಅಲ್ಲ ಅಂತ ಬಿಡಬೇಕಾದರೆ ಮೋಟಾರು 0.25 ಕಿಲೋವ್ಯಾಟ್ ಒಳಗಿರಬೇಕು, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿರಬೇಕು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು, ಬ್ರೇಕು ಸರಿ ಇರಬೇಕು, ಮುಂದೆ ಬಿಳಿ, ಹಿಂದೆ ಕೆಂಪು ಹೊಳೆಯುವ ಬಿಲ್ಲೆ ಇರಬೇಕು. ಇವನ್ನೆಲ್ಲ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ನೋಡಿ ಹೌದು ಅನ್ನಬೇಕು ಅಂತಲೂ ಅದರಲ್ಲಿದೆ. ಮನೆಯಲ್ಲಿ ಕಟ್ಟಿದ್ದಕ್ಕೆ ಆ ರಿಯಾಯಿತಿ ತಾನಾಗಿ ಸಿಗುವುದಿಲ್ಲ. ಕಾನೂನು ಟೈರು ಯಾವುದು ಅಂತ ಕೇಳುವುದಿಲ್ಲ, ಮೋಟಾರು ಎಷ್ಟರದು ಅಂತ ಕೇಳುತ್ತದೆ. ಸಾವಿರ ವ್ಯಾಟಿನ ಮೋಟಾರು ಹಾಕಿ ಜಗತ್ ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದರೆ ಬಿಡಿಸಲು ಈ ಮುತ್ಯಾ ಬರುವುದಿಲ್ಲ. ಅತ್ತೆಯ ತೋಟದೊಳಗೆ ಓಡಿಸು. ರಸ್ತೆಗೆ ಇಳಿಸುವ ಮನಸ್ಸಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬಾ. ಎಲ್ಲೇ ಓಡಿಸು, ತಲೆಗೆ ಹೆಲ್ಮೆಟ್ ಇರಲಿ.

ಇಷ್ಟೆಲ್ಲ ಓದಿ ಮುತ್ಯಾ ಬೇಡ ಅನ್ನುತ್ತಿದ್ದಾನೆ ಅಂದುಕೊಂಡೆಯೋ ಏನೋ. ಹಾಗಲ್ಲ. ಹವಾ ತುಂಬುವ ಟೈರು ಮನೆಯಿಂದ ಮನೆಗೆ ಹರಡಿದ್ದೇ ನಿನ್ನಂಥವರಿಂದ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅಂತ ಒಬ್ಬ ದನದ ಡಾಕ್ಟರ್ ಇದ್ದ. ಮಗನ ಮೂರು ಗಾಲಿ ಸೈಕಲ್ಲು ಗಡಗಡ ಅನ್ನುತ್ತದೆ ಅಂತ ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆ ಸುತ್ತಿ ಗಾಲಿಗೆ ಕಟ್ಟಿದ. 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಅನ್ನುವವನಿಗೆ ಇದೇ ಉಪಾಯ ಹೊಳೆದಿತ್ತು, ಜನ ಮರೆತಿದ್ದರು. ಡನ್‌ಲಪ್ ಹೆಸರು ನಮ್ಮ ಹೊಲದ ತನಕ ಬಂತು. ಹಳಿಬಂಡಿ ಹೋಗಿ ಟೈರು ಬಂಡಿ ಬಂದಾಗ ಎಷ್ಟೋ ಕಡೆ ಅದನ್ನು ಡನ್‌ಲಪ್ ಗಾಡಿ ಅಂತಲೇ ಕರೆದರು. ಮೈಸೂರಿನ ಮೇಟಗಳ್ಳಿಯ ಫಾಲ್ಕನ್ ಕಾರ್ಖಾನೆ ಆ ಹೆಸರಿನ ಸ್ಕೂಟರು, ಮೋಟಾರ್ ಸೈಕಲ್ ಟೈರು ಮಾಡುತ್ತಿತ್ತು. ಅಪ್ಪನೊಬ್ಬ ಅಂಗಳದಲ್ಲಿ ಕಟ್ಟಿದ ಗಾಲಿ ಅಲ್ಲಿಂದ ಇಲ್ಲಿಗೆ ಉರುಳಿ ಬಂದದ್ದು. ನಿನ್ನ ಪಡಸಾಲೆಯ ಕೆಲಸಕ್ಕೂ ಅಷ್ಟೇ ಮಾನ ಇದೆ. ಅದಕ್ಕೇ ಅಳತೆ ತಪ್ಪಬಾರದು ಅನ್ನುವುದು.

ಗಾಡಿ ಕಟ್ಟಿದ ದಿನವೇ ಓಡಿಸಬೇಡ. ಹವಾ ತುಂಬಿ ಒಂದು ರಾತ್ರಿ ಬಿಡು, ಬೆಳಗ್ಗೆ ಇಳಿದಿದೆಯೇ ನೋಡು. ಮೊದಲ ದಿನ ಖಾಲಿ ಗಾಡಿಯನ್ನು ಕಾಲೋನಿಯೊಳಗೆ ತಳ್ಳಿಕೊಂಡು ಒಂದು ಸುತ್ತು ಹೋಗು. ತೋಟ ಮುಟ್ಟಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಎಕ್ಸಲಿನ ನಟ್ಟಿಗೆ ಪಾನಾ ಹಾಕಿ ನೋಡು, ಕಡ್ಡಿ ಮೀಟಿ ನೋಡು. ಹೊಸದಾಗಿ ಹೆಣೆದ ಗಾಲಿ ಕೂತುಕೊಳ್ಳುವಾಗ ಸಡಿಲಾಗುತ್ತದೆ, ಗಾಬರಿ ಬೇಡ, ಮತ್ತೆ ಬಿಗಿ ಮಾಡು. ಐವತ್ತಾದ ಮೇಲೆ ಇನ್ನೊಮ್ಮೆ. ಆಮೇಲೆ ಒಂದು ಗೊನೆ ಹೇರು. ನಿಮ್ಮ ಅತ್ತೆಯ ಕೆಂಪು ಬಾಳೆ ಬೇರೆ ಬಾಳೆಗಿಂತ ತಿಂಗಳುಗಟ್ಟಲೆ ತಡವಾಗಿ ಗೊನೆ ಬಲಿಸುತ್ತದೆ. ಅಷ್ಟು ದಿನ ಕಾದ ಗೊನೆ ಇನ್ನೆರಡು ದಿನ ಕಾಯುತ್ತದೆ.

ಬರುವ ಭಾನುವಾರ ಬಾ. ಸುಣ್ಣದ ಕಡ್ಡಿ ನನ್ನ ಹತ್ತಿರ ಇದೆ. ಟೈರು ತರಬೇಡ, ಟೇಪು ತಾ.